ಒಂದೇ ಕೆಂಪಿನ ಗೋಡೆಯಲ್ಲಿ ಎಷ್ಟೊಂದು ಛಾಯೆ!

ಇರುವುದು ಒಂದೇ ಬಣ್ಣ, ಕೆಂಪು. ಅದರಡಿ ಸುಣ್ಣದ ಬಿಳಿ. ಇಷ್ಟರಲ್ಲೇ ದೇವರು, ಆನೆ, ಕುದುರೆ, ಬಳ್ಳಿ, ಹೂವು! ಕರಾವಳಿಯ ಹಳೆಯ ದೇವಸ್ಥಾನಗಳ ಗೋಡೆಯಲ್ಲಿ ಉಳಿದಿರುವ ಕಾವಿ ಕಲೆಯ ಹತ್ತಿರ ಹೋಗಿ ನೋಡಿ. ಕುಂಚದ ಗುರುತೇ ಇಲ್ಲ!

ಆ ಬಿಳಿ ಗೆರೆ ಬಳಿದದ್ದಲ್ಲ, ಕೆರೆದದ್ದು. ಚಿಪ್ಪು ಸುಟ್ಟ ಸುಣ್ಣಕ್ಕೆ ತೊಳೆದ ಮರಳು, ಬೆಲ್ಲ ಬೆರೆಸಿ, ಹುಳಿಯಲು ಬಿಟ್ಟು, ಕುಟ್ಟಿ ಗಾರೆ ಮಾಡುತ್ತಾರೆ. ಅದರ ಮೇಲೆ ಕೆಮ್ಮಣ್ಣಿನ ತೆಳು ಪದರ. ಒಣಗುವ ಮೊದಲೇ ಉಕ್ಕಿನ ಮೊನೆಯಿಂದ ಕೆರೆದರೆ ಅಡಿಯ ಬಿಳಿ ಇಣುಕುತ್ತದೆ. ಆಮೇಲಿನದು ರಸಾಯನದ ಪವಾಡ: ಹಸಿ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುತ್ತದೆ, ಕೆಂಪನ್ನು ತನ್ನೊಳಗೇ ಹಿಡಿದುಕೊಂಡು! ನಮ್ಮ ಜಡಿಮಳೆಯನ್ನು ಕಂಡೂ ಅದು ಉಳಿದದ್ದು ಹಾಗೆ. ತಿಳಿಗೆಂಪು ಬೇಕೆಂದರೆ? ಬೇರೆ ಬಣ್ಣವಿಲ್ಲ. ಗೆರೆಗಳನ್ನು ಒತ್ತೊತ್ತಾಗಿ ಕೆರೆಯುತ್ತಾರೆ, ದೂರದಿಂದ ನೋಡುವ ಕಣ್ಣೇ ಎರಡನ್ನೂ ಬೆರೆಸಿಕೊಳ್ಳುತ್ತದೆ.

ಈ ಕೆಂಪನ್ನು ಯಥಾವತ್ತು ಮತ್ತೆ ತರುವುದು ಹೇಗೆ? ಡಬ್ಬಿಯ ಬಣ್ಣ ಮೇಲ್ಮೈಯಲ್ಲೇ ನಿಲ್ಲುತ್ತದೆ, ಪ್ಲಾಸ್ಟಿಕ್ಕಿನಂತೆ ಹೊಳೆಯುತ್ತದೆ. ಕಾವಿಯ ಕೆಂಪು ಉಸಿರಾಡುತ್ತದೆ, ತೇವ ಹೀರಿದಾಗ ಕಡುವಾಗಿ ಒಣಗಿದಾಗ ತಿಳಿಯಾಗುತ್ತದೆ. ಬೀಜಿಂಗಿನ ರೋಂಗ್‌ಬಾವ್‌ಝಾಯ್ ಅಚ್ಚುಕೂಟದವರಿಗೂ ಇದೇ ಸವಾಲು ಎದುರಾಗಿತ್ತು. ಒಂದು ಪ್ರಾಚೀನ ಸುರುಳಿಚಿತ್ರದ ಬಣ್ಣ, ಮಸಿಯ ಛಾಯೆ ತಪ್ಪದಂತೆ ಪ್ರತಿ ತೆಗೆಯಲು ಅವರು ಕೊರೆದ ಮರದಚ್ಚುಗಳು 1,667! ಅಲ್ಲಿಯೂ ಗುಟ್ಟು ಒಂದೇ. ಬಣ್ಣವನ್ನಷ್ಟೇ ಅನುಕರಿಸಿದರೆ ಸಾಲದು, ಅದು ಹುಟ್ಟಿದ ರೀತಿಯನ್ನೇ ಮತ್ತೆ ಮಾಡಬೇಕು.

ಅದನ್ನು ನಮ್ಮ ಬಗಲಲ್ಲೇ ಮಾಡುತ್ತಿದ್ದಾರೆ! ಹಿಂದೆ ಕೃಷ್ಣಾನಂದ ಕಾಮತರು ಊರೂರು ಅಲೆದು ಕಾವಿ ಚಿತ್ರಗಳನ್ನು ದಾಖಲಿಸಿದರು. ಈಗ ಬ್ರಹ್ಮಾವರದ ಬಳಿಯ ಹಾವಂಜೆಯ ಕಲಾವಿದ ಜನಾರ್ದನ ಹಾವಂಜೆ ಈ ಕಲೆಯನ್ನು ಅಧ್ಯಯನ ಮಾಡಿ, ಹೊಸದಾಗಿ ರಚಿಸಿ, ಇತರರಿಗೂ ಕಲಿಸುತ್ತಿದ್ದಾರೆ. ಸುಣ್ಣದ ಚಿಪ್ಪು ನಮ್ಮ ಹೊಳೆಬಾಗಿಲಿನದು, ಕೆಮ್ಮಣ್ಣು ನಮ್ಮ ಮುರಕಲ್ಲಿನ ನೆಲದ್ದು. ಯಾವುದನ್ನೂ ದೂರದಿಂದ ತರಿಸಬೇಕಾಗಿಲ್ಲ!

ಕೋಟದಿಂದ ಬೈಂದೂರಿನವರೆಗಿನ ದೇವಸ್ಥಾನಗಳ ಆಡಳಿತ ಮಂಡಳಿಯವರಲ್ಲಿ ಒಂದು ಬಿನ್ನಹ: ಜೀರ್ಣೋದ್ಧಾರದ ಹೊತ್ತಿಗೆ ಹಳೆಯ ಗೋಡೆಯಲ್ಲಿ ಕೆಂಪು-ಬಿಳಿ ಗೆರೆ ಕಂಡರೆ ಅದಕ್ಕೆ ಎನಾಮೆಲ್ ಬಳಿಸಬೇಡಿ. ಮೊದಲು ಚೆನ್ನಾಗಿ ಫೋಟೋ ತೆಗೆಸಿ, ಕಾವಿ ಬಲ್ಲವರನ್ನು ಕರೆಸಿ.