ರಾಣಿಯ ಹೆತ್ತಮ್ಮ

ಪಿಜ್ಜಾ ಪ್ರಿಯ ಮಕ್ಕಳಿಗೆಲ್ಲ 'ಮಾರ್ಗರಿಟಾ' ಎಂಬ ಹೆಸರು ಗೊತ್ತು. ಅದು ಇಟಲಿಯ ರಾಣಿಯೊಬ್ಬಳಿಂದ ಬಂದ ಹೆಸರೆಂಬ ಮಾತಿದೆ. ಆ ರಾಣಿಯ ತಾಯಿ ಎಲಿಸಬೆತ್ ಮಾತ್ರ ಜರ್ಮನಿಯವಳು.

ಎಲಿಸಬೆತ್ ಹುಟ್ಟಿದ್ದು 1830ರಲ್ಲಿ, ಸ್ಯಾಕ್ಸನಿ ರಾಜ್ಯದ ಡ್ರೆಸ್ಡೆನ್‌ನಲ್ಲಿ. ತಂದೆ ಜಾನ್ ಮುಂದೆ ಅಲ್ಲಿನ ದೊರೆಯಾದವನು. ಇಟಲಿಯ ಮಹಾಕವಿ ಡಾಂಟೆಯ 'ಡಿವೈನ್ ಕಾಮಿಡಿ'ಯನ್ನು ಜರ್ಮನ್ ಭಾಷೆಗೆ ತಂದ ವಿದ್ವಾಂಸ. ತಂದೆ ಮೆಚ್ಚಿದ ಕವಿಯ ನಾಡಿಗೇ ಮಗಳು ಸೊಸೆಯಾಗಿ ಹೋದಳು. 1850ರಲ್ಲಿ ಸವಾಯ್ ವಂಶದ ಫರ್ಡಿನಾಂಡ್‌ನ ಕೈಹಿಡಿದಾಗ ಆಕೆಗೆ 20 ವರ್ಷ. 1851ರಲ್ಲಿ ಮಾರ್ಗರಿಟಾ, 1854ರಲ್ಲಿ ತೊಮಾಸೊ ಹುಟ್ಟಿದರು.

1855ರಲ್ಲಿ ಫರ್ಡಿನಾಂಡ್ ತೀರಿಕೊಂಡ. 25ಕ್ಕೇ ವೈಧವ್ಯ, ಜೊತೆಗೆ ಇಬ್ಬರು ಪುಟ್ಟ ಮಕ್ಕಳು. ಮರುವರ್ಷ ಎಲಿಸಬೆತ್ ಗುಟ್ಟಾಗಿ ನಿಕೊಲೊ ರಪಾಲೊ ಎಂಬ ಸೇನಾಧಿಕಾರಿಯನ್ನು ಮದುವೆಯಾದಳು. ಆತ ರಾಜವಂಶದವನಲ್ಲ. ಗಂಡನ ಅಣ್ಣ, ದೊರೆ ಎರಡನೇ ವಿಕ್ಟರ್ ಇಮ್ಯಾನುಯೆಲ್ ಕೆಂಡಾಮಂಡಲನಾದ. ಆಸ್ಥಾನದ ಬಾಗಿಲು ಆಕೆಗೆ ಮುಚ್ಚಿತು.

ಆ ಕೋಪ ತಣಿಯಲು ಕಾಲ ಹಿಡಿಯಿತು. ಆದರೆ 1868ರಲ್ಲಿ ಅದೇ ದೊರೆ ಎಲಿಸಬೆತ್‌ಳ ಮಗಳನ್ನೇ ತನ್ನ ಮಗ ಉಂಬರ್ಟೊಗೆ ತಂದುಕೊಂಡ! ಅಣ್ಣತಮ್ಮಂದಿರ ಮಕ್ಕಳ ಮದುವೆ ನಮ್ಮಲ್ಲಿ ಸಲ್ಲದು. ಯುರೋಪಿನ ಅರಮನೆಗಳಿಗೆ ಅದು ಹೊಸತಲ್ಲ. 1878ರಲ್ಲಿ ಉಂಬರ್ಟೊ ಪಟ್ಟಕ್ಕೆ ಬಂದ. ಮಾರ್ಗರಿಟಾ ಏಕೀಕೃತ ಇಟಲಿಯ ಮೊದಲ ರಾಣಿಯಾದಳು.

ಎಲಿಸಬೆತ್ ಕಣ್ಮುಚ್ಚಿದ್ದು 1912ರಲ್ಲಿ, ಮಜ್ಜೋರೆ ಸರೋವರದ ದಡದ ಸ್ಟ್ರೆಸಾದಲ್ಲಿ, 82ರ ವಯಸ್ಸಿನಲ್ಲಿ. ಒಮ್ಮೆ ಆಕೆಯನ್ನು ಹೊರಗಿಟ್ಟಿದ್ದ ಮನೆತನದ ಗದ್ದುಗೆಯ ಮೇಲೆ ಆಗ ಕುಳಿತಿದ್ದವನು ಆಕೆಯ ಮೊಮ್ಮಗ.