ಡಬ್ಬಿ, ಬಾಣ, ತುಂಡುಗೆರೆ: ಹೈಡ್ರಾಲಿಕ್ ನಕ್ಷೆ ಓದುವುದು ಹೇಗೆ?

ಎಪಿಎಂಸಿ ಯಾರ್ಡಿನಲ್ಲಿ ನಾವು ನೋಡುವ ಗೋಣಿಚೀಲಗಳ ಸೆಣಬು ಬಹುಪಾಲು ಬಂಗಾಳದ್ದು. ಹೂಗ್ಲಿ ನದಿಯ ಪಡುವಣ ದಂಡೆಯ ಹೌರಾದಲ್ಲೂ ಎದುರು ದಂಡೆಯಲ್ಲೂ ಸೆಣಬಿನ ಗಿರಣಿಗಳಿವೆ. ಕಚ್ಚಾ ಸೆಣಬನ್ನು ಪ್ರೆಸ್ಸಿನಲ್ಲಿ ಒತ್ತಿ ಸುಮಾರು 180 ಕಿಲೋದ ಗಟ್ಟಿ ಬೇಲ್ ಕಟ್ಟುತ್ತಾರೆ. ನಮ್ಮ ಹತ್ತಿ ಸೀಮೆಯವರು ಇದನ್ನೇ ಅಂಡಿಗೆ ಅನ್ನುತ್ತಾರೆ. ಒತ್ತುವ ಯಂತ್ರ ಹೌರಾದಲ್ಲಿರಲಿ, ಪೀಣ್ಯದಲ್ಲಿರಲಿ, ಅದರ ಮ್ಯಾನುಯಲ್‌ನಲ್ಲಿ ಒಂದು ಹಾಳೆ ಇದ್ದೇ ಇರುತ್ತದೆ. ಅದರ ತುಂಬ ಚೌಕ, ವೃತ್ತ, ಬಾಣ, ತುಂಡು ತುಂಡು ಗೆರೆ. ಇದೇ ಸರ್ಕ್ಯೂಟ್ ಡಯಾಗ್ರಾಂ, ಅಂದರೆ ಎಣ್ಣೆಯೋ ಗಾಳಿಯೋ ಯಾವ ದಾರಿಯಲ್ಲಿ ಹರಿಯುತ್ತದೆ ಎಂದು ತೋರಿಸುವ ನಕ್ಷೆ.

ಹೈಡ್ರಾಲಿಕ್ ಎಂದರೆ ಎಣ್ಣೆಯ ಒತ್ತಡದಿಂದ ನಡೆಯುವುದು. ನ್ಯೂಮ್ಯಾಟಿಕ್ ಎಂದರೆ ಒತ್ತಿ ತುಂಬಿದ ಗಾಳಿಯಿಂದ ನಡೆಯುವುದು. 1943ರಲ್ಲಿ ಸಂಚಾರಕ್ಕೆ ತೆರೆದ ಹೌರಾ ಸೇತುವೆಯನ್ನು ಕಟ್ಟುವಾಗ ಎರಡೂ ಕೆಲಸಕ್ಕೆ ಬಂದವು. ಕೊಲ್ಕತ್ತಾ ಬದಿಯ ಅಡಿಪಾಯ ಇಳಿಸಲು ಚದರ ಇಂಚಿಗೆ ಸುಮಾರು 40 ಪೌಂಡ್ ಒತ್ತಡದ ಗಾಳಿ ಬಳಸಿದರು. ಮೇಲೆ ಸೇತುವೆಯ ಎರಡು ಅರ್ಧಗಳನ್ನು ನಡುವೆ ಕೂಡಿಸಲು ತಲಾ 800 ಟನ್ ಸಾಮರ್ಥ್ಯದ 16 ಹೈಡ್ರಾಲಿಕ್ ಜಾಕ್ ಹಿಡಿದವು. ಇಂದಿನ ವರ್ಕ್‌ಶಾಪಿನಲ್ಲಿ ಗಾಳಿ ಸಾಮಾನ್ಯವಾಗಿ 6 ಬಾರ್ ಆಸುಪಾಸು, ಎಣ್ಣೆಯಾದರೆ 150 ಬಾರ್ ದಾಟುವುದೂ ಉಂಟು. ಒಂದು ಬಾರ್ ಅಂದರೆ ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ ಒಂದು ಕಿಲೋ. 20 ಸೆಂ.ಮೀ. ಒಳವ್ಯಾಸದ ಸಿಲಿಂಡರಿಗೆ 150 ಬಾರ್ ಕೊಟ್ಟರೆ ಸುಮಾರು 47 ಟನ್ ಬಲ ಸಿಗುತ್ತದೆ. ಆದ್ದರಿಂದ ನಕ್ಷೆ ಕೈಗೆ ಬಂದ ಕೂಡಲೇ ಇದು ಎಣ್ಣೆಯದೋ ಗಾಳಿಯದೋ ನೋಡಿಕೊಳ್ಳಿ. ಅದನ್ನು ಪುಟ್ಟ ತ್ರಿಕೋನ ಹೇಳುತ್ತದೆ. ಒಳಗೆ ಕಪ್ಪು ತುಂಬಿದ್ದರೆ ಎಣ್ಣೆ, ಖಾಲಿ ಇದ್ದರೆ ಗಾಳಿ.

ಆ ತ್ರಿಕೋನ ವೃತ್ತದೊಳಗೆ ಹೊರಮುಖವಾಗಿದ್ದರೆ ಪಂಪ್, ಒಳಮುಖವಾಗಿದ್ದರೆ ಮೋಟಾರ್. ಮೇಲ್ಭಾಗ ತೆರೆದ ಪೆಟ್ಟಿಗೆ ಎಣ್ಣೆಯ ಟ್ಯಾಂಕ್. ವಜ್ರಾಕಾರದ ಒಳಗೆ ತುಂಡುಗೆರೆ ಇದ್ದರೆ ಫಿಲ್ಟರ್. ಯಾವ ಚಿಹ್ನೆಯ ಮೇಲಾದರೂ ಓರೆಯಾಗಿ ಬಾಣ ಹಾದುಹೋಗಿದ್ದರೆ ಅದನ್ನು ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು ಎಂದರ್ಥ. ಎರಡು ಗೆರೆ ಕೂಡುವಲ್ಲಿ ಕಪ್ಪು ಚುಕ್ಕೆ ಇದ್ದರೆ ಪೈಪುಗಳು ಸೇರಿವೆ. ಚುಕ್ಕೆಯಿಲ್ಲದೆ ಒಂದನ್ನೊಂದು ದಾಟಿದರೆ ಸಂಬಂಧವಿಲ್ಲ.

ಗೆರೆಗಳಲ್ಲೂ ಜಾತಿಯಿದೆ. ಅಖಂಡ ಗೆರೆ ಕೆಲಸ ಮಾಡುವ ಎಣ್ಣೆಯದು. ತುಂಡುಗೆರೆ ಪೈಲಟ್ ಲೈನ್, ಅಂದರೆ ಅಪ್ಪಣೆ ಮುಟ್ಟಿಸುವ ಸಣ್ಣ ಪೈಪು. ಈ ಭೇದ ಕಣ್ಣಾರೆ ಕಾಣಬೇಕೆಂದರೆ ಹೌರಾ ನಿಲ್ದಾಣದಲ್ಲಿ ಎರಡು ಬೋಗಿ ಕೂಡುವ ಜಾಗ ನೋಡಿ. ನಮ್ಮ ಬೆಂಗಳೂರು ರೈಲಾದರೂ ಸರಿ. ಅಲ್ಲಿ ಎರಡು ಗಾಳಿಯ ಹೋಸುಗಳಿರುತ್ತವೆ. ಫೀಡ್ ಪೈಪಿನಲ್ಲಿ ಚದರ ಸೆಂ.ಮೀ.ಗೆ 6 ಕಿಲೋ ಒತ್ತಡ, ಬ್ರೇಕ್ ಪೈಪಿನಲ್ಲಿ 5 ಕಿಲೋ. ಮೊದಲನೆಯದು ಬ್ರೇಕಿಗೆ ಬಲ ಕೊಡುವ ಗಾಳಿಯನ್ನು ಬೋಗಿಯ ಟ್ಯಾಂಕಿಗೆ ತುಂಬುತ್ತದೆ. ಎರಡನೆಯದರ ಮುಖ್ಯ ಕೆಲಸ ಸುದ್ದಿ ಮುಟ್ಟಿಸುವುದು: ಅದರ ಒತ್ತಡ ಇಳಿದರೆ ಬ್ರೇಕ್ ಹಿಡಿಯುತ್ತದೆ.

ಈಗ ಎಲ್ಲರೂ ತಡವರಿಸುವ ಜಾಗ, ದಿಕ್ಕು ಬದಲಿಸುವ ವಾಲ್ವ್. ಒಂದಕ್ಕೊಂದು ಅಂಟಿದ ಮೂರು ಚೌಕ ಕಂಡರೆ ಮೂರು ವಾಲ್ವ್ ಎಂದುಕೊಳ್ಳಬೇಡಿ. ವಾಲ್ವ್ ಒಂದೇ, ಅದು ನಿಲ್ಲಬಲ್ಲ ಸ್ಥಿತಿಗಳು ಮೂರು. ನಾಲ್ಕು ಪೈಪು, ಮೂರು ಸ್ಥಿತಿ ಇದ್ದರೆ ಅದು 4/3, ಬಾಯಲ್ಲಿ ‘ಫೋರ್ ಬೈ ತ್ರೀ’. ಪಿ ಪಂಪಿನ ಕಡೆ, ಟಿ ಟ್ಯಾಂಕಿನ ಕಡೆ, ಎ ಮತ್ತು ಬಿ ಸಿಲಿಂಡರಿನ ಕಡೆ. ಪೈಪಿನ ಗೆರೆಗಳು ಬಂದು ಮುಟ್ಟುವುದು ಒಂದೇ ಡಬ್ಬಿಗೆ. ಯಾರೂ ಏನೂ ಒತ್ತದಿದ್ದಾಗಿನ ಸ್ಥಿತಿ ಅದು. ಅಂಚಿನ ಅಂಕುಡೊಂಕು ಗೆರೆ ಸ್ಪ್ರಿಂಗ್. ಓರೆಗೆರೆಯ ಚಿಕ್ಕ ಆಯತ ಸೊಲೆನಾಯ್ಡ್, ಅಂದರೆ ಕರೆಂಟ್ ಕೊಟ್ಟರೆ ತಳ್ಳುವ ಕಾಯಿಲ್.

ಓದುವ ಉಪಾಯ ಇಷ್ಟೇ. ಮೂರು ಡಬ್ಬಿಗಳನ್ನು ಕಾಗದದ ಪಟ್ಟಿಯ ಮೇಲೆ ಬರೆದು ಕತ್ತರಿಸಿಕೊಳ್ಳಿ. ಪೈಪುಗಳ ಗೆರೆ ಕದಲಬಾರದು, ಪಟ್ಟಿ ಮಾತ್ರ ಸರಿಯಬೇಕು. ಎಡಗಡೆಯ ಸೊಲೆನಾಯ್ಡಿಗೆ ಕರೆಂಟ್ ಬಂತೆನ್ನಿ. ಪಟ್ಟಿಯನ್ನು ಬಲಕ್ಕೆ ತಳ್ಳಿದರೆ ಎಡ ಡಬ್ಬಿ ಪೈಪುಗಳೆದುರು ಬರುತ್ತದೆ. ಅದರಲ್ಲಿ ನೇರ ಬಾಣಗಳಿದ್ದರೆ ಎಣ್ಣೆ ಪಿಯಿಂದ ಎಗೆ ಹೋಗುತ್ತದೆ, ಬಿಯಿಂದ ಟ್ಯಾಂಕಿಗೆ ಮರಳುತ್ತದೆ. ಪ್ರೆಸ್ ಒತ್ತುತ್ತದೆ. ಬಲ ಡಬ್ಬಿಯಲ್ಲಿ ಬಾಣಗಳು ಒಂದನ್ನೊಂದು ಅಡ್ಡ ದಾಟಿರುತ್ತವೆ, ಆಗ ಪ್ರೆಸ್ ಹಿಂದೆ ಸರಿಯುತ್ತದೆ.

ನಡುವಿನ ಡಬ್ಬಿಗೆ ಹೆಚ್ಚು ಹೊತ್ತು ಕೊಡಿ. ಅದರಲ್ಲಿ ಪಿ ಮತ್ತು ಟಿ ಕೂಡಿದ್ದು ಎ, ಬಿ ಮುಚ್ಚಿದ್ದರೆ ಅದು ಟ್ಯಾಂಡೆಮ್ ಸೆಂಟರ್. ಪ್ರೆಸ್ ಸುಮ್ಮನಿರುವಾಗ ಪಂಪಿನ ಎಣ್ಣೆ ಒತ್ತಡವಿಲ್ಲದೆ ಟ್ಯಾಂಕಿಗೇ ಮರಳುತ್ತದೆ. ಎಣ್ಣೆ ಕಾಯುವುದು ಕಡಿಮೆ, ವಿದ್ಯುತ್ತೂ ಉಳಿತಾಯ. ಹಾಗಾಗಿ ಆ ಹೊತ್ತಿನಲ್ಲಿ ಗೇಜಿನ ಮುಳ್ಳು ಸೊನ್ನೆಯ ಹತ್ತಿರ ಇದ್ದರೆ ಅದು ದೋಷವಲ್ಲ. ಇದನ್ನು ತಿಳಿಯದೆ ಪಂಪ್ ಬಿಚ್ಚುವವರಿದ್ದಾರೆ! ನಾಲ್ಕೂ ಬಾಯಿ ಮುಚ್ಚಿದ ಕ್ಲೋಸ್ಡ್ ಸೆಂಟರ್ ಆದರೆ, ಸಾಮಾನ್ಯ ಪಂಪಿನ ಎಣ್ಣೆ ರಿಲೀಫ್ ವಾಲ್ವ್ ಮೂಲಕವೇ ದಾರಿ ಮಾಡಿಕೊಳ್ಳಬೇಕು. ಆಗ ಗೇಜು ಪೂರ್ತಿ ಒತ್ತಡ ತೋರಿಸುತ್ತದೆ.

ರಿಲೀಫ್ ವಾಲ್ವ್ ಅಂದರೆ ಒತ್ತಡ ಮಿತಿ ಮೀರಿದಾಗ ಎಣ್ಣೆಯನ್ನು ಟ್ಯಾಂಕಿಗೆ ಬಿಡುವ ಕಾವಲುಗಾರ. ಚಿಹ್ನೆ ಒಂಟಿ ಚೌಕ. ಒಳಗಿನ ಬಾಣ ಪೈಪಿನ ಸಾಲಿಗೆ ಸರಿಯಾಗಿ ಕೂರದೆ ತುಸು ಪಕ್ಕಕ್ಕಿರುತ್ತದೆ, ಅಂದರೆ ಮುಚ್ಚಿದೆ. ಇದರ ಜೋಡಿಯಂತೆ ಕಾಣುವುದು ರೆಡ್ಯೂಸಿಂಗ್ ವಾಲ್ವ್, ಒತ್ತಡ ತಗ್ಗಿಸಿ ಮುಂದಕ್ಕೆ ಕೊಡುವಂಥದ್ದು. ಅದರ ಬಾಣ ಸಾಲಿಗೆ ನೇರವಾಗಿರುತ್ತದೆ, ಅಂದರೆ ತೆರೆದಿದೆ. ಅನುಮಾನ ಬಂದರೆ ತುಂಡುಗೆರೆ ಎಲ್ಲಿಂದ ಹೊರಟಿದೆ ನೋಡಿ. ಎಣ್ಣೆ ಒಳಬರುವ ಬದಿಯಿಂದಾದರೆ ರಿಲೀಫ್, ಹೊರಹೋಗುವ ಬದಿಯಿಂದಾದರೆ ರೆಡ್ಯೂಸಿಂಗ್.

ಗಾಳಿಯ ನಕ್ಷೆಯಲ್ಲಿ ಅಕ್ಷರದ ಬದಲು ಅಂಕಿ ಹಾಕುತ್ತಾರೆ. 1 ಗಾಳಿ ಬರುವ ಬಾಯಿ, 2 ಮತ್ತು 4 ಸಿಲಿಂಡರಿಗೆ, 3 ಮತ್ತು 5 ಹೊರಕ್ಕೆ ಬಿಡುವವು. ಪಕ್ಕದಲ್ಲಿ 14 ಎಂದಿದ್ದರೆ ಹದಿನಾಲ್ಕನೆಯ ಬಾಯಿ ಹುಡುಕಬೇಡಿ. ಅಲ್ಲಿ ಅಪ್ಪಣೆ ಕೊಟ್ಟರೆ 1 ಮತ್ತು 4 ಕೂಡುತ್ತವೆ, ಅಷ್ಟೆ.

ಚಿಹ್ನೆ ಭಾಗದ ಕೆಲಸವನ್ನಷ್ಟೇ ಹೇಳುತ್ತದೆ. ಗಾತ್ರ, ಆಕಾರ, ಯಂತ್ರದಲ್ಲಿ ಎಲ್ಲಿದೆ ಎಂಬುದನ್ನು ಹೇಳುವುದಿಲ್ಲ. ಅವಕ್ಕೆ ಜೊತೆಯ ಭಾಗಗಳ ಪಟ್ಟಿ ನೋಡಬೇಕು. ಬಿಚ್ಚುವ ಮುನ್ನ ನಕ್ಷೆಯಲ್ಲಿ ಉದ್ದುರುಟಾದ ಗುಳಿಗೆಯಂಥ ಚಿಹ್ನೆ ಇದೆಯೇ ಹುಡುಕಿ. ಅದು ಅಕ್ಯುಮುಲೇಟರ್, ಒತ್ತಡ ಕೂಡಿಡುವ ಸಿಲಿಂಡರ್. ಪಂಪ್ ಆಫ್ ಮಾಡಿದ ಮೇಲೂ ಅದರಲ್ಲಿ ಒತ್ತಡ ಉಳಿದಿರುತ್ತದೆ. ಅದನ್ನು ಖಾಲಿ ಮಾಡದೆ ನಟ್ಟಿಗೆ ಸ್ಪ್ಯಾನರ್ ಹಾಕಬಾರದು.

ಕಲಿಯಲು ಎಷ್ಟು ಖರ್ಚು? ಬೇಕೆಂದರೆ ಏನೂ ಇಲ್ಲ. ಚಿಹ್ನೆಗಳ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 1219, ಅದನ್ನು ದುಡ್ಡು ಕೊಟ್ಟು ಕೊಳ್ಳಬೇಕು. ಭಾರತೀಯ ಮಾನಕ ಐಎಸ್ 7513. ಬಿಐಎಸ್ ಜಾಲತಾಣದಲ್ಲಿ ಹೆಸರು ನೋಂದಾಯಿಸಿದರೆ ಭಾರತೀಯ ಮಾನಕಗಳನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ಐಟಿಐ ಫಿಟ್ಟರ್ ಪಠ್ಯದಲ್ಲೂ ಈ ವಿಷಯವಿದೆ, ಪುಸ್ತಕ ಭಾರತ್ ಸ್ಕಿಲ್ಸ್ ತಾಣದಲ್ಲಿ ಸಿಗುತ್ತದೆ. ಎನ್‌ಪಿಟಿಇಎಲ್‌ನಲ್ಲಿ ಆಯಿಲ್ ಹೈಡ್ರಾಲಿಕ್ಸ್ ಪಾಠಗಳು ಉಚಿತ, ಪ್ರಮಾಣಪತ್ರ ಬೇಕಾದರೆ ಮಾತ್ರ ಪರೀಕ್ಷಾ ಶುಲ್ಕ. ನನ್ನ ಕೇಳಿದರೆ ಇವೆಲ್ಲಕ್ಕಿಂತ ಮೊದಲು ಮಾಲೂರಿನ ಯೂಕೆನ್, ಬೆಂಗಳೂರಿನ ಫೆಸ್ಟೊದಂಥ ತಯಾರಕರ ಕ್ಯಾಟಲಾಗ್ ತಿರುವಿ ಹಾಕಿ. ಭಾಗದ ಫೋಟೊ, ಚಿಹ್ನೆ ಎರಡೂ ಅಕ್ಕಪಕ್ಕ ಸಿಗುತ್ತವೆ.

ಬಹುತೇಕ ವಾಲ್ವುಗಳ ಮೈಮೇಲಿನ ತಗಡಿನಲ್ಲೇ ಚಿಹ್ನೆ ಅಚ್ಚಾಗಿರುತ್ತದೆ. ಬದಲಿ ತರಲು ಹೋಗುವಾಗ ಅದರ ಫೋಟೊ ತೆಗೆದುಕೊಂಡು ಹೋಗಿ. ಹೌರಾದ ಬೆಲಿಲಿಯಸ್ ರಸ್ತೆಯ ವರ್ಕ್‌ಶಾಪಿನವರಿಗೆ ಕನ್ನಡ ಬರದಿದ್ದರೂ ಆ ಚಿತ್ರ ಅರ್ಥವಾಗುತ್ತದೆ. ಬೋಲ್ಟಿನ ತೂತು ಹೊಂದಿತೆಂದು ಮಾತ್ರ ಕೊಳ್ಳಬೇಡಿ. ಒಂದೇ ಅಳತೆಯ ವಾಲ್ವುಗಳಿಗೆ ತೂತುಗಳ ಜಾಗವೂ ಒಂದೇ, ಟ್ಯಾಂಡೆಮ್ ಇದ್ದ ಕಡೆ ಕ್ಲೋಸ್ಡ್ ಸೆಂಟರ್ ಕೂಡ ಸಲೀಸಾಗಿ ಕೂರುತ್ತದೆ. ಪ್ರೆಸ್ಸೂ ನಡೆಯುತ್ತದೆ, ಎಣ್ಣೆ ಮಾತ್ರ ಕಾಯುತ್ತಲೇ ಇರುತ್ತದೆ.