ಮುಂಬಯಿಗೆ ಬರುವ ತಂಡಗಳು ಯಾವ ನಾಟಕ ನೋಡಬೇಕು?

ದೀಪಾವಳಿ ಮುಗಿದು ಚಳಿ ಕಾಲಿಡುತ್ತಿದ್ದಂತೆ ಊರಿನಿಂದ ಮುಂಬಯಿಗೆ ತಂಡಗಳು ಬರಲು ಆರಂಭವಾಗುತ್ತದೆ. ಮಹಿಳಾ ಮಂಡಳಗಳು, ನಿವೃತ್ತ ಶಿಕ್ಷಕರ ಬಳಗಗಳು, ಕಾಲೇಜು ವಿದ್ಯಾರ್ಥಿಗಳು, ಹವ್ಯಾಸಿ ನಾಟಕ ಸಂಘಗಳು ಹೀಗೆ ನಾನಾ ಬಗೆಯ ಬಂಧುಮಿತ್ರರು ಎರಡು ಮೂರು ದಿನಗಳ ಪ್ರವಾಸಕ್ಕೆಂದು ಬಂದು ನಮ್ಮ ಸಂಘದ ಬಾಗಿಲು ತಟ್ಟುತ್ತಾರೆ. ಗೇಟ್‌ವೇ ಆಫ್ ಇಂಡಿಯಾ, ಸಿದ್ಧಿವಿನಾಯಕ, ಮಹಾಲಕ್ಷ್ಮಿ, ಜುಹೂ ಕಡಲತೀರ ಇವೆಲ್ಲ ಅವರ ಪಟ್ಟಿಯಲ್ಲಿ ಮೊದಲೇ ಇರುತ್ತವೆ. ಕೊನೆಗೆ ಯಾರಾದರೊಬ್ಬರು, “ಸಂಜೆ ಒಂದು ಒಳ್ಳೆಯ ನಾಟಕ ನೋಡಬಹುದೇ?” ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಹೊರಡುವ ದಿನ ಉತ್ತರ ಹುಡುಕುವುದು ಕಷ್ಟ. ಆದ್ದರಿಂದ ಈ ಲೇಖನ.

ಈ ವಿಷಯದಲ್ಲಿ ನಾವೂ ಒಮ್ಮೆ ಪಾಠ ಕಲಿತವರೇ. ಕೆಲವು ವರ್ಷಗಳ ಹಿಂದೆ ಧಾರವಾಡದ ಕಡೆಯಿಂದ ಬಂದ ಮೂವತ್ತು ಜನರ ಬಳಗವೊಂದನ್ನು ಉಪನಗರದ ರಂಗಮಂದಿರವೊಂದಕ್ಕೆ ಕರೆದೊಯ್ಯುವ ಹೊಣೆ ನಮ್ಮದಾಗಿತ್ತು. ಟಿಕೆಟುಗಳು ಕೈಯಲ್ಲಿದ್ದವು. ಆದರೆ ಶನಿವಾರ ಸಂಜೆಯ ವಾಹನದಟ್ಟಣೆಯನ್ನು ನಾವು ಲೆಕ್ಕಕ್ಕೆ ಹಿಡಿದಿರಲಿಲ್ಲ. ಬಸ್ಸು ತಲುಪುವಾಗ ನಾಟಕ ಆರಂಭವಾಗಿ ಹತ್ತು ನಿಮಿಷಗಳಾಗಿದ್ದವು, ಬಾಗಿಲು ಮುಚ್ಚಿತ್ತು. ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲವೆಂಬ ನಿಯಮ ಅಲ್ಲಿಯದು, ತಪ್ಪು ನಮ್ಮದೇ. ಬಾಲ್ಯದಲ್ಲಿ ಕಂಪನಿ ನಾಟಕಗಳನ್ನು ನೋಡಿ ಬೆಳೆದಿದ್ದ ಎಪ್ಪತ್ತೈದರ ಹಿರಿಯರೊಬ್ಬರು ಬಾಗಿಲ ಹೊರಗೆ ನಿಂತು, “ಇರಲಿ ಬಿಡ್ರೀ, ಒಳಗಿನ ಚಪ್ಪಾಳೀನಾದರೂ ಕೇಳಿಸ್ತು” ಎಂದರು. ಅವರು ಮತ್ತೆ ಮುಂಬಯಿಗೆ ಬರಲಿಲ್ಲ. ಆ ಮಾತು ಇಂದಿಗೂ ನಮ್ಮನ್ನು ಕಾಡುತ್ತದೆ. ಮುಂದೆ ಹೇಳುವ ಸಲಹೆಗಳ ಹಿಂದೆ ಆ ಸಂಜೆಯ ನೆನಪಿದೆ.

ಮರಾಠಿ ರಂಗಭೂಮಿ: ನಮ್ಮದೇ ನೆಂಟಸ್ತಿಕೆ

ಮುಂಬಯಿಗೆ ಬಂದವರು ಮೊದಲು ಆರಿಸಿಕೊಳ್ಳಬೇಕಾದುದು ಮರಾಠಿ ನಾಟಕವನ್ನು ಎಂಬುದು ನಮ್ಮ ಅಭಿಪ್ರಾಯ. ಭಾಷೆ ಬಾರದೆಂದು ಹಿಂಜರಿಯಬೇಕಾಗಿಲ್ಲ. ಕನ್ನಡ ಮತ್ತು ಮರಾಠಿ ರಂಗಭೂಮಿಗಳ ಕೊಡುಕೊಳ್ಳುವಿಕೆ ಇಂದು ನಿನ್ನೆಯದಲ್ಲ. ಉತ್ತರ ಕನ್ನಡದ ಕಡೆಯಿಂದ ಹೋದ ಭಾಗವತ ಮೇಳವೊಂದು 1842ರಲ್ಲಿ ಸಾಂಗಲಿಯ ಅರಸರ ಎದುರು ಆಟವಾಡಿತು. ಅದು ಹೊನ್ನಾವರ ಸಮೀಪದ ಕರ್ಕಿಯ ಮೇಳವೆಂದು ರಂಗೇತಿಹಾಸ ಬರೆದವರು ಗುರುತಿಸುತ್ತಾರೆ. ಅದನ್ನು ಕಂಡು ಪ್ರೇರಿತರಾದ ಅರಸರು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಅಂಥದೊಂದು ಪ್ರಯೋಗ ಸಿದ್ಧಪಡಿಸಲು ಸೂಚಿಸಿದರು. 1843ರಲ್ಲಿ ರಂಗಕ್ಕೆ ಬಂದ ‘ಸೀತಾ ಸ್ವಯಂವರ’ದಿಂದಲೇ ಮರಾಠಿ ರಂಗಭೂಮಿ ತನ್ನ ಆರಂಭವನ್ನು ಎಣಿಸುತ್ತದೆ. ಮರಾಠಿ ಸಂಗೀತ ನಾಟಕದ ಆದ್ಯರೆನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅವರ ‘ಸಂಗೀತ ಶಾಕುಂತಲ’ 1880ರಲ್ಲಿ ಪುಣೆಯಲ್ಲಿ ಪ್ರಯೋಗಗೊಂಡಿತು. ಅತ್ತ ಮರಾಠಿ ಕಂಪನಿಗಳು ಹುಬ್ಬಳ್ಳಿ, ಧಾರವಾಡ, ಗದಗಗಳಲ್ಲಿ ಮೊಕ್ಕಾಂ ಹೂಡಿ ಜನಮನ ಗೆದ್ದಾಗ, ಕನ್ನಡದಲ್ಲಿಯೂ ನಾಟಕಗಳಾಗಬೇಕೆಂದು ಗದಗಿನಲ್ಲಿ ಲೇಖನಿ ಹಿಡಿದವರು ಶಾಂತಕವಿಗಳು. ಹೀಗೆ ಒಬ್ಬರ ಮನೆಯ ದೀಪದಿಂದ ಇನ್ನೊಬ್ಬರ ಮನೆಯ ದೀಪ ಹೊತ್ತಿದೆ.

ಮರಾಠಿ ನಾಟಕಗಳಿಗೆ ಪ್ರಸಿದ್ಧವಾದ ರಂಗಮಂದಿರಗಳು ದಾದರದ ಶ್ರೀ ಶಿವಾಜಿ ಮಂದಿರ, ಮಾಟುಂಗಾದ ಯಶವಂತ ನಾಟ್ಯಮಂದಿರ, ಪ್ರಭಾದೇವಿಯ ರವೀಂದ್ರ ನಾಟ್ಯಮಂದಿರ, ವಿಲೇಪಾರ್ಲೆಯ ದೀನಾನಾಥ ಮಂಗೇಶಕರ ನಾಟ್ಯಗೃಹ, ಬೋರಿವಲಿಯ ಪ್ರಬೋಧನಕಾರ ಠಾಕ್ರೆ ನಾಟ್ಯಗೃಹ, ವಾಶಿಯ ವಿಷ್ಣುದಾಸ ಭಾವೆ ನಾಟ್ಯಗೃಹ ಹಾಗೂ ಠಾಣೆಯ ಗಡಕರಿ ರಂಗಾಯತನ. 1965ರಲ್ಲಿ ಆರಂಭವಾದ ಶಿವಾಜಿ ಮಂದಿರ ದಾದರ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರವಿದೆ. ಹಿರಿಯರಿರುವ ತಂಡಕ್ಕೆ ಇದೇ ಅತ್ಯಂತ ಅನುಕೂಲ.

ಇಲ್ಲಿಯ ಪದ್ಧತಿ ಹೀಗಿದೆ: ಶನಿವಾರ, ಭಾನುವಾರಗಳಲ್ಲಿ ಮಧ್ಯಾಹ್ನದ ಇಳಿಹೊತ್ತಿಗೊಂದು, ರಾತ್ರಿಗೊಂದು ಪ್ರಯೋಗ ಸಾಮಾನ್ಯ. ಒಂದೇ ನಾಟಕ ಇಂದು ದಾದರದಲ್ಲಿ, ನಾಳೆ ಠಾಣೆಯಲ್ಲಿ, ನಾಡಿದ್ದು ಪುಣೆಯಲ್ಲಿ ನಡೆಯುತ್ತದೆ. ಮರಾಠಿ ದಿನಪತ್ರಿಕೆಗಳ ನಾಟಕ ಜಾಹೀರಾತುಗಳಲ್ಲಿ ಆ ವಾರದ ವಿವರಗಳಿರುತ್ತವೆ. ಟಿಕೆಟು ಮಾರಾಟ ಆರಂಭವಾಗುವುದು ಪ್ರಯೋಗಕ್ಕೆ ಕೆಲವೇ ದಿನ ಮುಂಚೆ. ಇಪ್ಪತ್ತಕ್ಕಿಂತ ಹೆಚ್ಚು ಜನರಿದ್ದರೆ ಜಾಹೀರಾತಿನಲ್ಲಿ ಕೊಟ್ಟ ನಾಟಕ ಸಂಸ್ಥೆಯ ವ್ಯವಸ್ಥಾಪಕರೊಡನೆ ನೇರವಾಗಿ ಮಾತನಾಡುವುದು ಲೇಸು. ಒಟ್ಟಿಗೆ ಕುಳಿತುಕೊಳ್ಳುವ ಸ್ಥಳಗಳನ್ನು ಕಾದಿರಿಸಲು ಅದೇ ಸುಲಭ ದಾರಿ. ಮೂರನೆಯ ಗಂಟೆಗೆ ಪರದೆ ಸರಿಯುತ್ತದೆ. ಮಧ್ಯಂತರದಲ್ಲಿ ಬಿಸಿ ಬಟಾಟಾ ವಡೆ ತಿನ್ನದೆ ಮರಾಠಿ ನಾಟಕ ನೋಡಿದ ಅನುಭವ ಪೂರ್ಣವಾಗದು ಎಂಬುದು ಇಲ್ಲಿಯ ರಸಿಕರ ಅಂಬೋಣ.

ಯಾವುದನ್ನು ನೋಡಬೇಕು? ಭಾಷೆ ಅಲ್ಪಸ್ವಲ್ಪ ಬರುವವರಿಗೆ ಕೌಟುಂಬಿಕ ಹಾಸ್ಯ ನಾಟಕಗಳು ಹಿತ. 2022ರ ನವೆಂಬರಿನಲ್ಲಿ ತಮ್ಮ 12,500ನೆಯ ರಂಗಪ್ರಯೋಗವನ್ನು ಪೂರೈಸಿದ ನಟ ಪ್ರಶಾಂತ ದಾಮ್ಲೆಯವರ ನಾಟಕ ಜಾಹೀರಾತಿನಲ್ಲಿ ಕಂಡರೆ ನಿಶ್ಚಿಂತೆಯಿಂದ ಕುಟುಂಬ ಸಮೇತ ಹೋಗಬಹುದು. ಭಾಷೆ ಏನೇನೂ ಬಾರದವರು ಸಂಗೀತ ನಾಟಕವನ್ನು ಆರಿಸಿಕೊಳ್ಳಲಿ. ಕಥೆ ಪುರಾಣದ್ದಾಗಿದ್ದರೆ ಅರ್ಥಕ್ಕೆ ತೊಡಕಿಲ್ಲ, ಹಾಡಿಗೆ ಭಾಷಾಂತರ ಬೇಕಿಲ್ಲ. ಹಾಸ್ಯ ನಾಟಕಕ್ಕೆ ಮಾತ್ರ ಭಾಷೆ ಬಾರದವರನ್ನು ಕರೆದೊಯ್ಯಬೇಡಿ. ಸುತ್ತಲಿನವರೆಲ್ಲ ನಗುವಾಗ ಸುಮ್ಮನೆ ಕುಳಿತಿರುವುದು ಬೇಸರದ ಸಂಗತಿ.

ಪೃಥ್ವಿ ಮತ್ತು ಎನ್‌ಸಿಪಿಎ

ಹವ್ಯಾಸಿ ಕಲಾವಿದರ ತಂಡಗಳು ಬಂದರೆ ನಾವು ಮೊದಲು ಹೇಳುವ ಹೆಸರು ಜುಹೂವಿನ ಪೃಥ್ವಿ ಥಿಯೇಟರ್. ಪೃಥ್ವಿರಾಜ್ ಕಪೂರರು 1944ರಲ್ಲಿ ಕಟ್ಟಿದ ಸಂಚಾರಿ ನಾಟಕ ಮಂಡಳಿಯ ಹೆಸರನ್ನು ಉಳಿಸಿಕೊಂಡು, ಅವರ ಮಗ ಶಶಿ ಕಪೂರ್ ಮತ್ತು ಸೊಸೆ ಜೆನಿಫರ್ 1978ರ ನವೆಂಬರ್ 5ರಂದು ತೆರೆದ ರಂಗಮಂದಿರವಿದು. ಸುಮಾರು ಇನ್ನೂರು ಪ್ರೇಕ್ಷಕರು ಮೂರು ಕಡೆಗಳಿಂದ ರಂಗವನ್ನು ಸುತ್ತುವರಿದು ಕುಳಿತುಕೊಳ್ಳುತ್ತಾರೆ. ನಟನ ಉಸಿರು ಕೂಡ ಕೇಳಿಸುವಷ್ಟು ಸಾಮೀಪ್ಯ. ದೊಡ್ಡ ವೇದಿಕೆಯ ಮೇಲೆ ಕೂಗಿ ಮಾತನಾಡಿ ಅಭ್ಯಾಸವಾದ ನಮ್ಮೂರಿನ ಕಲಾವಿದರಿಗೆ ಇಲ್ಲಿ ಕಲಿಯುವುದು ಬಹಳವಿದೆ. ಸೋಮವಾರ ಪ್ರಯೋಗವಿರುವುದಿಲ್ಲ. ಸ್ಥಳಗಳಿಗೆ ಸಂಖ್ಯೆಯಿಲ್ಲ, ಮೊದಲು ಸಾಲಿನಲ್ಲಿ ನಿಂತವರಿಗೆ ಮೊದಲ ಆಯ್ಕೆ. ಆರಂಭವಾದ ಮೇಲೆ ಪ್ರವೇಶವಿಲ್ಲ. ನವೆಂಬರಿನಲ್ಲಿ ನಡೆಯುವ ಪೃಥ್ವಿ ಉತ್ಸವ ಮತ್ತು ಬೇಸಿಗೆ ರಜೆಯ ಮಕ್ಕಳ ನಾಟಕಗಳು ಇಲ್ಲಿಯ ವಿಶೇಷ. ಮಕ್ಕಳೊಡನೆ ಬರುವ ಶಿಕ್ಷಕರು ಏಪ್ರಿಲ್, ಮೇ ತಿಂಗಳ ಕಾರ್ಯಕ್ರಮ ಪಟ್ಟಿಯನ್ನು ಗಮನಿಸಬೇಕು. ನಾಸಿರುದ್ದೀನ್ ಶಾ ಮತ್ತು ಬೆಂಜಮಿನ್ ಗಿಲಾನಿಯವರು 1979ರಲ್ಲಿ ಆರಂಭಿಸಿದ ಮೋಟ್ಲಿ ತಂಡದ ಪ್ರಯೋಗಗಳು ಪ್ರಕಟವಾದರೆ ತಡಮಾಡದೆ ಟಿಕೆಟು ಕಾದಿರಿಸಿಕೊಳ್ಳಿ. ಇಸ್ಮತ್ ಚುಗ್ತಾಯಿಯವರ ಕಥೆಗಳನ್ನು ಕಥೆಯಾಗಿಯೇ ಹೇಳಿ ಅಭಿನಯಿಸುವ ಅವರ ರೀತಿ ನಮ್ಮ ಕಥಾಪರಂಪರೆಗೂ ಹೊಸ ದಾರಿ ತೋರಬಲ್ಲದು.

ನರಿಮನ್ ಪಾಯಿಂಟಿನ ಎನ್‌ಸಿಪಿಎ, ಅಂದರೆ ರಾಷ್ಟ್ರೀಯ ಪ್ರದರ್ಶಕ ಕಲೆಗಳ ಕೇಂದ್ರ, ಸ್ಥಾಪನೆಯಾದದ್ದು 1969ರಲ್ಲಿ. ಇಲ್ಲಿ ಒಂದೇ ಆವರಣದಲ್ಲಿ ಹಲವು ರಂಗಮಂದಿರಗಳಿವೆ. 1980ರಲ್ಲಿ ತೆರೆದ ಟಾಟಾ ಥಿಯೇಟರಿನ ಧ್ವನಿವ್ಯವಸ್ಥೆಯನ್ನು ಸಂಗೀತಗಾರರು ಮೆಚ್ಚಿಕೊಳ್ಳುತ್ತಾರೆ. ಮುನ್ನೂರು ಆಸನಗಳ ಎಕ್ಸ್‌ಪೆರಿಮೆಂಟಲ್ ಥಿಯೇಟರಿನಲ್ಲಿ ಹೊಸ ನಾಟಕಗಳೂ, 1999ರಲ್ಲಿ ಸಿದ್ಧವಾದ ಜಮ್‌ಶೆಡ್ ಭಾಭಾ ಥಿಯೇಟರಿನಲ್ಲಿ ದೊಡ್ಡ ಪ್ರಯೋಗಗಳೂ ನಡೆಯುತ್ತವೆ. ಫಿರೋಜ್ ಅಬ್ಬಾಸ್ ಖಾನರ ‘ಮುಘಲ್-ಎ-ಆಜಮ್’ ಸಂಗೀತರೂಪಕ 2016ರಲ್ಲಿ ಮೊದಲು ರಂಗಕ್ಕೆ ಬಂದದ್ದು ಈ ಆವರಣದಲ್ಲಿಯೇ. ಮರೀನ್ ಡ್ರೈವಿನ ಸಂಜೆಯ ವಿಹಾರಕ್ಕೂ ಇದು ಹೊಂದುವುದರಿಂದ ಪ್ರವಾಸಿಗರಿಗೆ ಒಂದೇ ಹಾದಿಯಲ್ಲಿ ಎರಡು ಲಾಭ.

ವೈಭವ ನೋಡಬಯಸುವವರಿಗೆ

ಬಾಂದ್ರಾ ಕುರ್ಲಾ ಸಂಕೀರ್ಣದಲ್ಲಿ 2023ರ ಮಾರ್ಚ್ 31ರಂದು ಉದ್ಘಾಟನೆಯಾದ ನೀತಾ ಮುಕೇಶ್ ಅಂಬಾನಿ ಸಾಂಸ್ಕೃತಿಕ ಕೇಂದ್ರದಲ್ಲಿ ಎರಡು ಸಾವಿರ ಆಸನಗಳ ಗ್ರ್ಯಾಂಡ್ ಥಿಯೇಟರ್ ಇದೆ. ಹಿಂದೆ ಲಂಡನ್ನಿಗೋ ನ್ಯೂಯಾರ್ಕಿಗೋ ಹೋಗಿ ನೋಡಬೇಕಾಗಿದ್ದ ‘ದಿ ಸೌಂಡ್ ಆಫ್ ಮ್ಯೂಸಿಕ್’ನಂಥ ಸಂಗೀತ ನಾಟಕಗಳು 2023ರಿಂದ ಇಲ್ಲಿಗೇ ಬರತೊಡಗಿವೆ. ಟಿಕೆಟಿನ ದರ ಮಧ್ಯಮ ವರ್ಗದ ತಂಡಕ್ಕೆ ಭಾರವೇ ಸರಿ. ವಾರದ ನಡುವಿನ ದಿನ, ಮೇಲಿನ ಅಂತಸ್ತಿನ ಆಸನ, ಬಹು ಮುಂಚಿತವಾದ ಕಾದಿರಿಸುವಿಕೆ ಈ ಮೂರರಿಂದ ಹೊರೆ ಕೊಂಚ ಇಳಿಯುತ್ತದೆ. ಗಿರಗಾಂವ ಬಳಿಯ ರಾಯಲ್ ಒಪೆರಾ ಹೌಸ್ ಇನ್ನೊಂದು ಬಗೆಯ ವೈಭವ. 1911ರಲ್ಲಿ ಐದನೆಯ ಜಾರ್ಜ್ ದೊರೆ ಉದ್ಘಾಟಿಸಿದ ಈ ಕಟ್ಟಡ 1993ರಲ್ಲಿ ಬಾಗಿಲು ಮುಚ್ಚಿ, ಜೀರ್ಣೋದ್ಧಾರಗೊಂಡು 2016ರಲ್ಲಿ ಮತ್ತೆ ತೆರೆಯಿತು.

ಹಣ ಖರ್ಚು ಮಾಡಲಾಗದ ವಿದ್ಯಾರ್ಥಿ ತಂಡಗಳು ಜನವರಿ ಕೊನೆಯಿಂದ ಫೆಬ್ರವರಿ ಆರಂಭದವರೆಗೆ ನಡೆಯುವ ಕಾಲಾ ಘೋಡಾ ಕಲಾ ಉತ್ಸವದ ಸಮಯದಲ್ಲಿ ಬರಲಿ. 1999ರಲ್ಲಿ ಆರಂಭವಾದ ಈ ಒಂಬತ್ತು ದಿನಗಳ ಉತ್ಸವದಲ್ಲಿ ನಾಟಕ, ನೃತ್ಯ, ಸಂಗೀತಗಳನ್ನು ಉಚಿತವಾಗಿ ನೋಡಬಹುದು. ಉಚಿತವೆಂದ ಮೇಲೆ ಜನಸಂದಣಿಯೂ ಉಂಟು; ಒಂದು ಗಂಟೆ ಮೊದಲೇ ಸಾಲಿನಲ್ಲಿರಬೇಕು.

ಮುಂಬಯಿಯ ಕನ್ನಡ, ತುಳು ರಂಗ

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಮನೆಯ ಮಾತನ್ನು ಹೇಳದಿದ್ದರೆ ಹೇಗೆ? ಮಾಟುಂಗಾ ಪಶ್ಚಿಮದಲ್ಲಿ ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರ, ಮಾಟುಂಗಾ ಪೂರ್ವದಲ್ಲಿ 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಶನ್, ಕುರ್ಲಾದಲ್ಲಿ ಬಂಟರ ಭವನ ಇವು ಕನ್ನಡ, ತುಳು ಕಾರ್ಯಕ್ರಮಗಳಿಗೆ ವೇದಿಕೆಯಾಗಿವೆ. ಕರಾವಳಿಯ ಮೇಳಗಳು ಪತ್ತನಾಜೆಯಂದು, ಅಂದರೆ ಮೇ ತಿಂಗಳ ಕೊನೆಯ ವಾರದಲ್ಲಿ, ಗೆಜ್ಜೆ ಬಿಚ್ಚಿದ ಬಳಿಕ ಕಲಾವಿದರಿಗೆ ಊರಿನಲ್ಲಿ ಆಟವಿರುವುದಿಲ್ಲ. ಆ ಮಳೆಗಾಲದಲ್ಲಿಯೇ ಅವರು ತಂಡಗಳಾಗಿ ಮುಂಬಯಿಗೆ ಬರುತ್ತಾರೆ. ಬಯಲಿನಲ್ಲಿ ಬೆಳಗಿನವರೆಗೆ ನಡೆಯುವ ಪ್ರಸಂಗ ಇಲ್ಲಿ ಸಭಾಗೃಹದೊಳಗೆ ಮೂರು ನಾಲ್ಕು ಗಂಟೆಗಳಿಗೆ ಸಂಗ್ರಹಗೊಳ್ಳುತ್ತದೆ; ಕೊನೆಯ ಲೋಕಲ್ ರೈಲು ತಪ್ಪಬಾರದಲ್ಲ!

ಘಟ್ಟದ ಮೇಲಿನ ತಂಡಗಳು, “ಊರಲ್ಲಿರುವುದನ್ನು ನೋಡಲು ಮುಂಬಯಿಗೆ ಬರಬೇಕೆ?” ಎನ್ನುವುದುಂಟು. ಬರಬೇಕು ಎಂಬುದೇ ನಮ್ಮ ವಿನಂತಿ. ಇಲ್ಲಿ ಬಣ್ಣ ಹಚ್ಚುವವರು ಹಗಲೆಲ್ಲ ಹೋಟೆಲಿನಲ್ಲಿ, ಕಚೇರಿಯಲ್ಲಿ ದುಡಿದು ರಾತ್ರಿ ತಾಲೀಮು ನಡೆಸುವವರು. ಸಭಾಗೃಹದ ಬಾಡಿಗೆ ಏರುತ್ತಿದೆ, ಪ್ರೇಕ್ಷಕರು ದೂರದ ಡೊಂಬಿವಲಿ, ವಿರಾರ್, ಪನವೇಲಿಗೆ ಚದುರಿದ್ದಾರೆ, ಇಲ್ಲಿಯೇ ಹುಟ್ಟಿದ ಮಕ್ಕಳಿಗೆ ಕನ್ನಡ ಓದಲು ಬಾರದು. ಅರ್ಧ ತುಂಬಿದ ಸಭಾಗೃಹದೆದುರು ಅಭಿನಯಿಸುವ ಕಷ್ಟವನ್ನು ಬಲ್ಲವರೇ ಬಲ್ಲರು. ಕಳೆದ ಮಳೆಗಾಲದ ಒಂದು ಆಟಕ್ಕೆ ಪ್ರವಾಸಕ್ಕೆಂದು ಬಂದಿದ್ದ ನಲವತ್ತು ಮಂದಿ ಅನಿರೀಕ್ಷಿತವಾಗಿ ಸೇರಿಕೊಂಡಾಗ, ಚೌಕಿಯಲ್ಲಿದ್ದ ಕಲಾವಿದರು ಇಣುಕಿ ನೋಡಿ ಹಿಗ್ಗಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ನಿಮ್ಮ ಒಂದು ಸಂಜೆ ಅವರಿಗೆ ಒಂದು ವರ್ಷದ ಉತ್ಸಾಹ.

ಪ್ರಯಾಣ, ಊಟ, ಸಮಯ

ತಂಡದ ಮುಖ್ಯಸ್ಥರು ಗಮನದಲ್ಲಿಡಬೇಕಾದ ಕೆಲವು ಸಂಗತಿಗಳು ಇವು. ಒಂದು, ಹಗಲು ಸುತ್ತಾಡುವ ಸ್ಥಳ ಮತ್ತು ಸಂಜೆಯ ರಂಗಮಂದಿರ ನಗರದ ಒಂದೇ ಭಾಗದಲ್ಲಿರಲಿ. ಬೆಳಿಗ್ಗೆ ಸಿದ್ಧಿವಿನಾಯಕನ ದರ್ಶನವಾದರೆ ಸಂಜೆ ಪಕ್ಕದ ರವೀಂದ್ರ ನಾಟ್ಯಮಂದಿರ ಅಥವಾ ದಾದರ. ಗೇಟ್‌ವೇ ನೋಡಿದ ದಿನ ಎನ್‌ಸಿಪಿಎ. ಜುಹೂ ಕಡಲತೀರದ ದಿನ ಪೃಥ್ವಿ. ಎರಡು, ಬಸ್ಸನ್ನು ನಂಬಬೇಡಿ. ಆರೆಯಿಂದ ಕಫ್ ಪರೇಡಿನವರೆಗಿನ ಭೂಗತ ಮೆಟ್ರೊ ಮಾರ್ಗ 2025ರ ಅಕ್ಟೋಬರಿನಲ್ಲಿ ಪೂರ್ಣಗೊಂಡಿದೆ. ಬಾಂದ್ರಾ ಕುರ್ಲಾ ಸಂಕೀರ್ಣ, ದಾದರ, ಸಿದ್ಧಿವಿನಾಯಕ, ವಿಧಾನ ಭವನ ಇವೆಲ್ಲ ಈ ಮಾರ್ಗದಲ್ಲಿಯೇ ಇರುವುದರಿಂದ ಮೇಲೆ ಹೇಳಿದ ಅನೇಕ ರಂಗಮಂದಿರಗಳು ಹತ್ತಿರವಾಗಿವೆ. ಮೆಟ್ಟಿಲು ಹತ್ತಲಾಗದ ಹಿರಿಯರಿಗೆ ಲಿಫ್ಟ್ ಇರುವುದೂ ದೊಡ್ಡ ಅನುಕೂಲ. ಮೂರು, ಆರಂಭಕ್ಕೆ ಮುಕ್ಕಾಲು ಗಂಟೆ ಮೊದಲು ಅಲ್ಲಿರಬೇಕು. ನಾಲ್ಕು, ರಾತ್ರಿಯ ಪ್ರಯೋಗ ಮುಗಿಯುವಾಗ ಬಹುತೇಕ ಖಾನಾವಳಿಗಳು ಮುಚ್ಚಿರುತ್ತವೆ. ಮಾಟುಂಗಾ, ದಾದರದ ಕಡೆ ಮಧ್ಯಾಹ್ನದ ಪ್ರಯೋಗಕ್ಕೆ ಹೋಗುವವರು ಮಾಟುಂಗಾ ನಿಲ್ದಾಣದ ಬಳಿ ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಯೆಲೆಯ ಊಟ ಮುಗಿಸಿ ಹೋದರೆ ಹೊಟ್ಟೆಗೂ ಮನಸ್ಸಿಗೂ ಸಮಾಧಾನ. ಐದು, ನಾಟಕದ ಕಥೆಯನ್ನು ಹಿಂದಿನ ರಾತ್ರಿಯೇ ಎಲ್ಲರಿಗೂ ಕನ್ನಡದಲ್ಲಿ ಹೇಳಿಬಿಡಿ. ಕಥೆ ತಿಳಿದಿದ್ದರೆ ಭಾಷೆಯ ಅಡ್ಡಿ ಅರ್ಧದಷ್ಟು ತಗ್ಗುತ್ತದೆ. ಯಕ್ಷಗಾನದ ಪ್ರೇಕ್ಷಕರೂ ಗೊತ್ತಿರುವ ಕಥೆಯನ್ನೇ ಅಲ್ಲವೇ ಮತ್ತೆ ಮತ್ತೆ ನೋಡುವುದು?

ಹೊರಡುವ ಮೊದಲು ದಿನಾಂಕ, ತಂಡದ ಸಂಖ್ಯೆ, ಹಿರಿಯರೆಷ್ಟು, ಮಕ್ಕಳೆಷ್ಟು, ಮರಾಠಿ ಹಿಂದಿ ಬಲ್ಲವರೆಷ್ಟು ಎಂಬ ವಿವರಗಳನ್ನು ಇಲ್ಲಿಯ ಯಾವುದೇ ಕನ್ನಡ ಸಂಘಕ್ಕೆ ಒಂದು ತಿಂಗಳು ಮೊದಲು ತಿಳಿಸಿದರೆ ಸಾಕು. ಆ ವಾರದ ಯೋಗ್ಯ ಪ್ರಯೋಗವನ್ನು ಹುಡುಕಿಕೊಡುವುದು ನಮ್ಮಂಥವರಿಗೆ ಸಂತೋಷದ ಕೆಲಸ. ಬಾಗಿಲ ಹೊರಗೆ ನಿಂತು ಚಪ್ಪಾಳೆ ಕೇಳಿಸಿಕೊಳ್ಳುವ ಸರದಿ ಇನ್ನು ಯಾವ ಹಿರಿಯರಿಗೂ ಬಾರದಿರಲಿ. ಬನ್ನಿ, ಮೂರನೆಯ ಗಂಟೆಗೆ ಮುನ್ನ ಬನ್ನಿ.